ಹಡಗಿನ ಜೀವರಕ್ಷಕ ಸಾಧನಗಳ ಸರ್ವಿಸ್, ತಪಾಸಣೆ, ಅನುಮೋದನೆ: ಬಳ್ಳಾರಿ, ರಾಯಚೂರು, ಕೊಪ್ಪಳದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗಂಗಾವತಿಯವನು. ಪಶ್ಚಿಮ ಕರಾವಳಿಯ ಬಂದರೊಂದರಲ್ಲಿ ಹಡಗುಗಳ ಲೈಫ್ ರಾಫ್ಟ್‌ಗಳನ್ನು, ಅಂದರೆ ಹಡಗು ಮುಳುಗುವಾಗ ಜನ ಏರುವ ಉಬ್ಬುವ ತೆಪ್ಪಗಳನ್ನು, ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಿಚಿಡುವ ಸರ್ವಿಸ್ ಕೇಂದ್ರದಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿ ಈಗ ಊರಿಗೆ ಮರಳಿದ್ದೇನೆ. ಐಟಿಐ ಮುಗಿಸಿದ ಹುಡುಗರು, ಮಗನನ್ನು ಹಡಗಿಗೆ ಕಳಿಸಿರುವ ತಂದೆತಾಯಂದಿರು, ನದಿಯಲ್ಲಿ ಹರಿಗೋಲು ಹಾಕುವವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವುಗಳಿಗೆ ನಾನು ಕೊಡುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಸಮುದ್ರವೇ ಇಲ್ಲದ ನಮ್ಮ ಜಿಲ್ಲೆಗಳಿಗೆ ಈ ವಿಷಯ ಏಕೆ ಬೇಕು?

ಎರಡು ಕಾರಣಗಳಿವೆ. ಮೊದಲನೆಯದು, ನಮ್ಮ ಹುಡುಗರು ಹಡಗಿನ ಕೆಲಸಕ್ಕೂ ಬಂದರಿನ ಕೆಲಸಕ್ಕೂ ಹೋಗುತ್ತಿದ್ದಾರೆ. ಅಲ್ಲಿ ಅವರ ಜೀವ ಉಳಿಯುವುದು ಯಾರೋ ಕಾಣದ ಕೈ ವರ್ಷದ ಹಿಂದೆ ಮಾಡಿಟ್ಟ ಕೆಲಸದಿಂದ. ಎರಡನೆಯದು, ನಮ್ಮಲ್ಲಿ ಸಮುದ್ರವಿಲ್ಲದಿದ್ದರೂ ನೀರಿಗೆ ಕೊರತೆಯಿಲ್ಲ. ತುಂಗಭದ್ರಾ ಜಲಾಶಯವಿದೆ, ಆನೆಗೊಂದಿ ಮತ್ತು ವಿರುಪಾಪುರ ಗಡ್ಡೆಯ ಕಡೆ ಹೊಳೆ ದಾಟುವವರಿದ್ದಾರೆ, ರಾಯಚೂರು ತಾಲೂಕಿನ ಕುರ್ವಕುರ್ದ, ನಾರದಗಡ್ಡೆಗಳಂತಹ ಕೃಷ್ಣೆಯ ನಡುಗಡ್ಡೆಗಳಿವೆ. ಹಡಗಿನ ನಿಯಮ ನಮ್ಮ ಹರಿಗೋಲಿಗೆ ಅನ್ವಯಿಸುವುದಿಲ್ಲ. ಆದರೆ ಆ ನಿಯಮದ ಹಿಂದಿರುವ ತಿಳಿವಳಿಕೆ ಎಲ್ಲ ನೀರಿಗೂ ಒಂದೇ.

ಜೀವರಕ್ಷಕ ಸಾಧನಗಳು ಎಂದರೆ ಯಾವುವು?

ಲೈಫ್ ಬೋಟ್, ರೆಸ್ಕ್ಯೂ ಬೋಟ್, ಅವುಗಳನ್ನು ನೀರಿಗಿಳಿಸುವ ಡೇವಿಟ್ ಮತ್ತು ವಿಂಚ್, ತಾನಾಗಿ ಉಬ್ಬುವ ಲೈಫ್ ರಾಫ್ಟ್, ಅದನ್ನು ಮುಳುಗುವ ಹಡಗಿನಿಂದ ಬಿಡಿಸುವ ಹೈಡ್ರೋಸ್ಟ್ಯಾಟಿಕ್ ರಿಲೀಸ್, ಲೈಫ್ ಜಾಕೆಟ್, ಎಸೆಯುವ ಬಳೆಯಾದ ಲೈಫ್ ಬಾಯ್, ತಣ್ಣೀರಿನಿಂದ ಮೈ ಕಾಪಾಡುವ ಇಮ್ಮರ್ಶನ್ ಸೂಟ್, ಆಪತ್ತಿನ ಸಂಕೇತ ಕೊಡುವ ರಾಕೆಟ್, ಕೈಪಂಜು ಮತ್ತು ಹೊಗೆಡಬ್ಬಿಗಳು ಇದರಲ್ಲಿ ಮುಖ್ಯವಾದವು.

ಇವುಗಳಿಗೆ ನಿಯಮ ಮಾಡುವವರು ಯಾರು?

1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರಲ್ಲಿದ್ದ ಎಲ್ಲರಿಗೂ ಸಾಲುವಷ್ಟು ಲೈಫ್ ಬೋಟ್‌ಗಳಿರಲಿಲ್ಲ. ಆ ದುರಂತದ ಬಳಿಕ 1914ರಲ್ಲಿ ರಾಷ್ಟ್ರಗಳು ಸೇರಿ ಸಮುದ್ರದಲ್ಲಿ ಜೀವ ಸುರಕ್ಷತೆಗೆಂದು ಮಾಡಿಕೊಂಡ ಒಪ್ಪಂದವೇ ಸೋಲಾಸ್. ಹಲವು ಬಾರಿ ಹೊಸದಾಗಿ ಬರೆಯಲ್ಪಟ್ಟ ಆ ಒಪ್ಪಂದದ 1974ರ ರೂಪವೇ, ಕಾಲಕಾಲಕ್ಕೆ ಆದ ತಿದ್ದುಪಡಿಗಳೊಂದಿಗೆ, ಇಂದಿಗೂ ಜಾರಿಯಲ್ಲಿದೆ. ಅದರ 3ನೇ ಅಧ್ಯಾಯ ಪೂರ್ತಿ ಜೀವರಕ್ಷಕ ಸಾಧನಗಳಿಗೇ ಮೀಸಲು. ಯಾವ ಸಾಧನ ಹೇಗಿರಬೇಕು, ಎಷ್ಟು ಭಾರ ತಾಳಬೇಕು, ಎಷ್ಟು ಹೊತ್ತು ಉರಿಯಬೇಕು ಎಂಬ ವಿವರಗಳು 1998ರ ಜುಲೈ 1ರಿಂದ ಜಾರಿಗೆ ಬಂದ ಎಲ್‌ಎಸ್‌ಎ ಕೋಡ್‌ (ಜೀವರಕ್ಷಕ ಸಾಧನಗಳ ಸಂಹಿತೆ) ಎಂಬುದರಲ್ಲಿವೆ. ಇವೆರಡೂ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಮೂಲಕ ಬಂದವು. ಭಾರತದ ಧ್ವಜ ಹಾರಿಸುವ ಹಡಗುಗಳಿಗೆ ಇವನ್ನು ಜಾರಿ ಮಾಡುವುದು ಮುಂಬೈಯಲ್ಲಿ ಕೇಂದ್ರ ಕಚೇರಿಯಿರುವ ನೌಕಾಯಾನ ಮಹಾನಿರ್ದೇಶನಾಲಯ. ನಮ್ಮ ಮಾತಿನಲ್ಲಿ ಡಿಜಿ ಶಿಪ್ಪಿಂಗ್. ಬಂದರುಗಳಲ್ಲಿ ಅದರ ಕೈಕಾಲಾಗಿ ಕೆಲಸ ಮಾಡುವುದು ಮರ್ಕೆಂಟೈಲ್ ಮೆರೀನ್ ಇಲಾಖೆಯ ಸರ್ವೇಯರುಗಳು.

ಸಾಧನದ ಮೇಲೆ ‘ಅನುಮೋದಿತ’ ಎಂದು ಅಚ್ಚಾಗಿರುತ್ತದೆ. ಮತ್ತೆ ಸರ್ವಿಸ್ ಕೇಂದ್ರಕ್ಕೆ ಬೇರೆ ಅನುಮೋದನೆ ಏಕೆ?

ಎಲ್ಲಕ್ಕಿಂತ ಹೆಚ್ಚು ಗೊಂದಲವಿರುವುದು ಇಲ್ಲೇ ಆದ್ದರಿಂದ ತುಸು ಬಿಡಿಸಿ ಹೇಳುತ್ತೇನೆ. ಸಾಧನದ ಮೇಲಿನ ಅಚ್ಚು ಹೇಳುವುದು ಇಷ್ಟೇ: ಈ ಮಾದರಿಯ ವಸ್ತುವನ್ನು ಪರೀಕ್ಷೆಗೆ ಒಡ್ಡಲಾಗಿದೆ, ಅದು ಕಾರ್ಖಾನೆಯಿಂದ ಹೊರಬಿದ್ದ ದಿನ ನಿಯಮಕ್ಕೆ ತಕ್ಕಂತಿತ್ತು. ಅದಾದ ಮೇಲೆ ಆ ವಸ್ತು ಬಿಸಿಲು, ಉಪ್ಪುಗಾಳಿ, ಎಂಜಿನ್ನಿನ ಅದುರು, ಡೆಕ್ಕಿನ ಮೇಲೆ ಸುರಿಯುವ ಅಲೆ ಎಲ್ಲವನ್ನೂ ವರ್ಷಗಟ್ಟಲೆ ತಿನ್ನುತ್ತದೆ. ಆ ಕಾಲವನ್ನು ಕಾರ್ಖಾನೆಯ ಅಚ್ಚು ಬಲ್ಲದೆ?

ಆದ್ದರಿಂದ ಎರಡನೆಯ ಅನುಮೋದನೆ ಬೇಕಾಗುತ್ತದೆ, ಮತ್ತು ಅದು ವಸ್ತುವಿಗೆ ಕೊಡುವಂಥದ್ದಲ್ಲ. ಅದನ್ನು ಬಿಚ್ಚುವ ಜಾಗಕ್ಕೆ, ಬಿಚ್ಚುವ ಕೈಗೆ, ಬಳಸುವ ಉಪಕರಣಕ್ಕೆ ಕೊಡುವಂಥದ್ದು. ಲೈಫ್ ರಾಫ್ಟ್ ಸರ್ವಿಸ್ ಕೇಂದ್ರಗಳಿಗೆ ಅನುಮೋದನೆ ಕೊಡುವಾಗ ನೋಡಬೇಕಾದ ಅಂಶಗಳನ್ನು ಅಂತರರಾಷ್ಟ್ರೀಯ ಸಾಗರ ಸಂಸ್ಥೆ 1993ರಲ್ಲಿ ಅಂಗೀಕರಿಸಿದ ಎ.761(18) ಎಂಬ ನಿರ್ಣಯ ವಿವರಿಸುತ್ತದೆ. ಕೇಂದ್ರವೊಂದಕ್ಕೆ ಅನುಮೋದನೆ ಸಿಕ್ಕಿತೆಂದರೆ ಜಗತ್ತಿನ ಎಲ್ಲ ರಾಫ್ಟ್‌ಗಳನ್ನೂ ಮುಟ್ಟಬಹುದು ಎಂದರ್ಥವಲ್ಲ. ಯಾವ ತಯಾರಕರ ಯಾವ ಮಾದರಿಗೆ ತರಬೇತಿ, ಕೈಪಿಡಿ ಮತ್ತು ಬಿಡಿಭಾಗಗಳು ಇವೆಯೋ ಆ ಮಾದರಿಗಳಿಗೆ ಮಾತ್ರ ಅದು ಸಲ್ಲುತ್ತದೆ. ಒಂದು ಕಂಪನಿಯ ರಾಫ್ಟನ್ನು ಕಣ್ಣು ಮುಚ್ಚಿ ಮಡಿಚಬಲ್ಲ ಕೈ ಇನ್ನೊಂದು ಕಂಪನಿಯದನ್ನು ಅದೇ ರೀತಿ ಮಡಿಚಿದರೆ ಅದು ಉಬ್ಬುವಾಗ ತಿರುಚಿಕೊಂಡು ಹರಿಯಬಹುದು.

ಲೈಫ್ ರಾಫ್ಟ್ ಅನ್ನು ವರ್ಷಕ್ಕೊಮ್ಮೆ ಬಿಚ್ಚಲೇಬೇಕೆ? ಮುಚ್ಚಿಟ್ಟ ಡಬ್ಬಿಯೊಳಗೆ ಅದು ಭದ್ರವಾಗಿರುವುದಿಲ್ಲವೆ?

ಬಿಚ್ಚಲೇಬೇಕು. ಸೋಲಾಸ್ 3ನೇ ಅಧ್ಯಾಯದ 20ನೇ ನಿಯಮದ ಪ್ರಕಾರ ಉಬ್ಬುವ ಲೈಫ್ ರಾಫ್ಟ್ ಮತ್ತು ಉಬ್ಬುವ ಲೈಫ್ ಜಾಕೆಟ್‌ಗಳ ಸರ್ವಿಸ್ 12 ತಿಂಗಳೊಳಗೆ ಆಗಬೇಕು. ಅದು ಕಾರ್ಯಸಾಧ್ಯವಲ್ಲದ ಸಂದರ್ಭದಲ್ಲಿ ಧ್ವಜ ರಾಷ್ಟ್ರದ, ಅಂದರೆ ಹಡಗು ಯಾವ ದೇಶದ ಧ್ವಜ ಹಾರಿಸುತ್ತದೋ ಆ ದೇಶದ, ಆಡಳಿತ 17 ತಿಂಗಳವರೆಗೆ ವಿಸ್ತರಿಸಬಹುದು. ಆ ಐದು ತಿಂಗಳು ಹಡಗಿನವರ ಹಕ್ಕಲ್ಲ. ಕೇಳಿ ಪಡೆಯಬೇಕಾದ ಅನುಮತಿ.

ಮುಚ್ಚಿದ ಡಬ್ಬಿಯ ಒಳಗೆ ಏನಾಗಿರುತ್ತದೆ ಎಂಬುದನ್ನು ಬಿಚ್ಚಿದವರೇ ಬಲ್ಲರು. ಫೈಬರ್ ಡಬ್ಬಿಯ ಪಟ್ಟಿ ಕತ್ತರಿಸಿ ಮೇಲಿನ ಚಿಪ್ಪು ಎತ್ತಿದ ಕೂಡಲೆ ರಬ್ಬರಿನ ಮತ್ತು ಪೌಡರಿನ ಒಣ ವಾಸನೆ ಬಂದರೆ ಮನಸ್ಸಿಗೆ ಸಮಾಧಾನ. ಮುಗ್ಗಲು ವಾಸನೆ ಬಂದರೆ ಒಳಗೆ ನೀರು ಸೇರಿದೆ ಎಂದು ಅಲ್ಲೇ ಗೊತ್ತಾಗುತ್ತದೆ. ನೀರು ಸೇರಿದ ರಾಫ್ಟಿನಲ್ಲಿ ಸಿಲಿಂಡರಿನ ತಲೆ ಹಸಿರುಗಟ್ಟಿರುತ್ತದೆ, ಮಡಿಕೆಯ ಮೂಲೆಗಳಲ್ಲಿ ಬಟ್ಟೆ ಒಂದಕ್ಕೊಂದು ಅಂಟಿರುತ್ತದೆ. ಹಾಗೆ ಅಂಟಿದ ಬಟ್ಟೆಯನ್ನು ಬೆರಳ ತುದಿಯಿಂದ ನಿಧಾನಕ್ಕೆ ಬಿಡಿಸುತ್ತ ಹೋಗುವುದನ್ನು ನಾನು ಮೊದಲು ಕಲಿತೆ. ಎಳೆದರೆ ಮೇಲಿನ ಪದರ ಕಿತ್ತು ಬರುತ್ತದೆ.

ಆಮೇಲೆ ಸಿಲಿಂಡರನ್ನು ಬೇರ್ಪಡಿಸಿ, ಒಣಗಾಳಿಯಿಂದ ರಾಫ್ಟನ್ನು ಬಳಕೆಯ ವೇಳೆ ಅದರೊಳಗೆ ಇರಬೇಕಾದ ಒತ್ತಡಕ್ಕೆ ಉಬ್ಬಿಸಿ ಕನಿಷ್ಠ ಒಂದು ಗಂಟೆ ಬಿಡುತ್ತೇವೆ. ಆ ಅವಧಿಯಲ್ಲಿ ಒತ್ತಡ ಶೇ 5ಕ್ಕಿಂತ ಹೆಚ್ಚು ಇಳಿಯಬಾರದು. ಕೋಣೆಯ ಉಷ್ಣತೆ ಏರಿದರೆ ಗಾಳಿ ಹಿಗ್ಗಿ ಸೋರಿಕೆಯನ್ನು ಮರೆಮಾಚುವುದರಿಂದ ಮೀಟರಿನ ಜೊತೆಗೆ ಉಷ್ಣಮಾಪಕವನ್ನೂ ಬರೆದುಕೊಳ್ಳಬೇಕು. ಅನುಮಾನ ಬಂದ ಜೋಡಣೆಗಳಿಗೆ ಬ್ರಷ್‌ನಿಂದ ಸೋಪಿನ ನೀರು ಬಳಿದಾಗ, ಸಾಸಿವೆಗಿಂತ ಸಣ್ಣ ಗುಳ್ಳೆಯೊಂದು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮೂಡುತ್ತದೆ. ಅಷ್ಟು ಸಣ್ಣ ತೂತು ಶಾಂತವಾದ ಕೊಳದಲ್ಲಿ ಏನೂ ಮಾಡಲಾರದು. ಆದರೆ ಎಲ್‌ಎಸ್‌ಎ ಕೋಡ್ ಪ್ರಕಾರ ರಾಫ್ಟ್ ಎಲ್ಲ ಬಗೆಯ ಸಮುದ್ರದಲ್ಲಿ 30 ದಿನ ತೇಲಿ ತಾಳಬೇಕು.

ಇದರೊಡನೆ ಒಳಗಿನ ಸಾಮಗ್ರಿಯ ಲೆಕ್ಕವೂ ಆಗಬೇಕು. ದೂರದ ಸಮುದ್ರಕ್ಕೆ ಹೋಗುವ ಹಡಗಿನ ರಾಫ್ಟಿನಲ್ಲಿ ತಲಾ 1.5 ಲೀಟರ್ ಕುಡಿಯುವ ನೀರು, ತಲಾ 10,000 ಕಿಲೋಜೂಲ್‌ಗೆ ಕಡಿಮೆಯಿಲ್ಲದ ಆಹಾರ, 4 ಪ್ಯಾರಾಚ್ಯೂಟ್ ರಾಕೆಟ್, 6 ಕೈಪಂಜು, 2 ಹೊಗೆಡಬ್ಬಿ, ಟಾರ್ಚು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮೊದಲಾದವು ಇರುತ್ತವೆ. ಪ್ರತಿಯೊಂದರ ಅವಧಿಯ ದಿನಾಂಕವನ್ನೂ ಓದಿ ಬರೆಯಬೇಕು. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನು ಟಾರ್ಚಿನ ಬ್ಯಾಟರಿಯ ದಿನಾಂಕವನ್ನು ನೋಡದೆಯೇ ಪಟ್ಟಿಯಲ್ಲಿ ಗುರುತು ಹಾಕಿದ್ದೆ. ಮಡಿಚಿ, ಪಟ್ಟಿ ಬಿಗಿದು, ಲಾರಿಗೆ ಏರಿಸುವ ಹೊತ್ತಿಗೆ ನನಗೆ ಅದು ನೆನಪಾಗಿ ಹಿರಿಯರಿಗೆ ಹೇಳಿದೆ. ಅವರು ಒಂದು ಮಾತೂ ಬಯ್ಯದೆ ರಾಫ್ಟನ್ನು ಇಳಿಸಿ ಪೂರ್ತಿ ಬಿಚ್ಚಿಸಿದರು. ರಾತ್ರಿ ಹತ್ತರವರೆಗೆ ಇಬ್ಬರೂ ಕೂತು ಮತ್ತೆ ಮಡಿಚಿದೆವು. ಬ್ಯಾಟರಿ ಹಳೆಯದೇ ಆಗಿತ್ತು.

ಹಳೆಯ ರಾಫ್ಟ್‌ಗೆ ಬೇರೆ ಪರೀಕ್ಷೆಗಳಿವೆಯೆ?

ಇವೆ. ಐದು ವರ್ಷಕ್ಕೊಮ್ಮೆ ರಾಫ್ಟನ್ನು ಅದರದೇ ಸಿಲಿಂಡರಿನ ಅನಿಲದಿಂದ ಉಬ್ಬಿಸಿ ನೋಡಬೇಕು. ಒಣಗಾಳಿಯಿಂದ ಉಬ್ಬಿದ್ದು ಸಿಲಿಂಡರಿನಿಂದಲೂ ಉಬ್ಬುತ್ತದೆ ಎಂದು ನಂಬಿ ಕೂರುವಂತಿಲ್ಲ. ಹತ್ತು ವರ್ಷ ದಾಟಿದ ಮೇಲೆ ಪ್ರತಿ ವರ್ಷವೂ ಹೆಚ್ಚಿನ ಒತ್ತಡದ ಪರೀಕ್ಷೆ ಸೇರಿಕೊಳ್ಳುತ್ತದೆ. ಆಗ ಒತ್ತಡವನ್ನು ಏರಿಸಿ ಐದು ನಿಮಿಷ ಹಿಡಿದು, ಕೋಣೆಯಲ್ಲಿ ಎಲ್ಲರೂ ಮಾತು ನಿಲ್ಲಿಸಿ ಕಿವಿಗೊಟ್ಟು ಕೇಳುತ್ತೇವೆ. ರಾಫ್ಟಿನ ಗಾಳಿ ತುಂಬಿದ ಕೊಳವೆಯಿಂದ ಚಟಚಟ ಸದ್ದು ಬಂದು, ಜೊತೆಗೇ ಒತ್ತಡವೂ ಇಳಿದರೆ ಆ ರಾಫ್ಟನ್ನು ನಿಷ್ಪ್ರಯೋಜಕವೆಂದು ಘೋಷಿಸಲಾಗುತ್ತದೆ. ತಳದ ಜೋಡಣೆಗೂ ಪರೀಕ್ಷೆಯಿದೆ: ರಾಫ್ಟಿನ ತಳ ನೆಲಕ್ಕೆ ತಾಗದಂತೆ ಎತ್ತಿ ಇಟ್ಟು, 75 ಕೆ.ಜಿ.ಗೆ ಕಡಿಮೆಯಿಲ್ಲದ ಒಬ್ಬರು ಅಂಚಿನುದ್ದಕ್ಕೂ ಒಂದು ಸುತ್ತು ನಡೆಯಬೇಕು ಅಥವಾ ತೆವಳಬೇಕು. ಕೇಳಲು ಸರಳ. ಆದರೆ ಬಿಡುತ್ತಿರುವ ಅಂಟು ಆ ಭಾರಕ್ಕೆ ಬಾಯಿ ತೆರೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಳ್ಳಾರಿಯಲ್ಲೋ ಕೊಪ್ಪಳದಲ್ಲೋ ಒಂದು ಅನುಮೋದಿತ ಸರ್ವಿಸ್ ಕೇಂದ್ರ ತೆರೆಯಬಹುದೆ? ಶೆಡ್ ಬಾಡಿಗೆ ಇಲ್ಲಿ ಕಡಿಮೆ.

ಉತ್ಸಾಹದಿಂದ ಕೇಳುವವರನ್ನು ನಿರಾಶೆಗೊಳಿಸಲು ಇಷ್ಟವಿಲ್ಲ. ಆದರೂ ಇದ್ದದ್ದನ್ನು ಹೇಳಬೇಕು. ಕೇಂದ್ರ ಬಂದರಿನ ಹತ್ತಿರ ಇರುವುದು ಅನುಕೂಲದ ಮಾತು: ಹಡಗು ಒಂದೆರಡು ದಿನ ಮಾತ್ರ ನಿಂತಿರುತ್ತದೆ, ಅಷ್ಟರೊಳಗೆ ರಾಫ್ಟ್ ಇಳಿದು, ಸರ್ವಿಸ್ ಆಗಿ, ಮರಳಿ ಏರಬೇಕು. ನಮ್ಮೂರಿಗೆ ಲಾರಿಯಲ್ಲಿ ತಂದು ಕಳಿಸುವಷ್ಟರಲ್ಲಿ ಹಡಗು ಬೇರೆ ದೇಶದಲ್ಲಿರುತ್ತದೆ.

ಇನ್ನು ಶೆಡ್ಡಿನ ಮಾತು. ಸರ್ವಿಸ್ ನಡೆಯುವ ಜಾಗ ಪೂರ್ತಿ ಮುಚ್ಚಿದ್ದಾಗಿರಬೇಕು. ನೆಲ ನುಣುಪಾಗಿ, ಸ್ವಚ್ಛವಾಗಿ ಇರಬೇಕು. ಒಂದು ಕಲ್ಲುಹರಳು ಮಡಿಕೆಯೊಳಗೆ ಸೇರಿದರೆ ವರ್ಷಪೂರ್ತಿ ಅದುರುತ್ತ ಬಟ್ಟೆಯನ್ನು ಕೊರೆಯುತ್ತದೆ. ಉಬ್ಬಿದ ರಾಫ್ಟನ್ನು ಮಗುಚಿ ತಳ ನೋಡುವಷ್ಟು ಚಾವಣಿ ಎತ್ತರವಿರಬೇಕು. ಬೆಳಕು ಚೆನ್ನಾಗಿರಬೇಕು, ಆದರೆ ಕಿಟಕಿಯಿಂದ ನೇರ ಬಿಸಿಲು ಬೀಳಬಾರದು. ಉಷ್ಣತೆ ಹತೋಟಿಯಲ್ಲಿರಬೇಕು, ಅಗತ್ಯವಿದ್ದಲ್ಲಿ ತೇವಾಂಶವೂ. ಗಾಳಿಯಾಡಬೇಕು, ಆದರೆ ಗಾಳಿ ಬೀಸಬಾರದು. ಸಿಲಿಂಡರ್ ತುಂಬುವುದಕ್ಕೆ, ಫೈಬರ್ ಡಬ್ಬಿ ರಿಪೇರಿಗೆ, ಸರ್ವಿಸ್‌ಗಾಗಿ ಕಾದಿರುವ ರಾಫ್ಟ್‌ಗಳಿಗೆ ಬೇರೆ ಬೇರೆ ಜಾಗಗಳು ಬೇಕು. ರಾಕೆಟ್, ಪಂಜುಗಳನ್ನು ಇಡಲು ಪ್ರತ್ಯೇಕ ಭದ್ರ ಕೋಣೆ ಬೇಕು. ಕಟ್ಟಡ ಸಿದ್ಧವಾದ ಮೇಲೂ ತಯಾರಕರು ತರಬೇತಿ ಕೊಟ್ಟು ಪ್ರಮಾಣಪತ್ರ ನೀಡಿದ ತಂತ್ರಜ್ಞರಿಲ್ಲದೆ ಅರ್ಜಿ ಮುಂದೆ ಸರಿಯುವುದಿಲ್ಲ. ಆ ತಂತ್ರಜ್ಞ ಕೆಲಸ ಬಿಟ್ಟು ಹೋದರೆ ಗೋಡೆಗಳು ಇದ್ದಂತೆಯೇ ಇರುತ್ತವೆ, ಕೆಲಸ ಮಾಡುವ ಅರ್ಹತೆ ಹೋಗಿರುತ್ತದೆ.

ಹಡಗು ಮುಳುಗಿದರೆ ಡೆಕ್ಕಿಗೆ ಕಟ್ಟಿದ ರಾಫ್ಟೂ ಮುಳುಗುವುದಿಲ್ಲವೆ?

ಅದಕ್ಕೆಂದೇ ಹೈಡ್ರೋಸ್ಟ್ಯಾಟಿಕ್ ರಿಲೀಸ್ ಎಂಬ ಅಂಗೈಯಗಲದ ಸಾಧನವಿದೆ. ನೀರಿನಲ್ಲಿ 4 ಮೀಟರ್ ಆಳ ಮುಟ್ಟುವುದರೊಳಗೆ ನೀರಿನ ಒತ್ತಡವೇ ಅದನ್ನು ಬಿಡಿಸುತ್ತದೆ. ಕಟ್ಟು ಬಿಚ್ಚಿದ ರಾಫ್ಟ್ ಮೇಲಕ್ಕೇಳುತ್ತದೆ, ಅದಕ್ಕೂ ಹಡಗಿಗೂ ನಡುವಿನ ಪೇಂಟರ್ ಹಗ್ಗ ಮುಳುಗುತ್ತಿರುವ ಹಡಗಿನ ಸೆಳೆತಕ್ಕೆ ಬಿಗಿದು ಸಿಲಿಂಡರಿನ ಬಾಯಿ ತೆರೆಯುತ್ತದೆ, ರಾಫ್ಟ್ ಉಬ್ಬುತ್ತದೆ. ಆಮೇಲೆ ಹಗ್ಗದ ಬುಡದಲ್ಲಿರುವ ವೀಕ್ ಲಿಂಕ್ ಎಂಬ ಬೇಕೆಂದೇ ದುರ್ಬಲವಾಗಿ ಮಾಡಿದ ಕೊಂಡಿ ಸುಮಾರು 220 ಕೆ.ಜಿ. ಎಳೆತಕ್ಕೆ ತುಂಡಾಗಿ, ರಾಫ್ಟ್ ಹಡಗಿನಿಂದ ಬಿಡುಗಡೆಯಾಗುತ್ತದೆ.

ಒಮ್ಮೆ ಸರಕು ಹಡಗೊಂದಕ್ಕೆ ರಾಫ್ಟ್ ಕೂರಿಸಲು ಹೋದಾಗ, ಹಿಂದಿನ ಬಾರಿ ಯಾರೋ ಪೇಂಟರ್ ಹಗ್ಗವನ್ನು ವೀಕ್ ಲಿಂಕಿಗೆ ಕಟ್ಟದೆ ನೇರವಾಗಿ ಡೆಕ್ಕಿನ ಕಬ್ಬಿಣದ ಕಣ್ಣಿಗೆ ಎರಡು ಗಂಟು ಹಾಕಿ ಬಿಗಿದಿದ್ದನ್ನು ಕಂಡೆ. ಗಟ್ಟಿಯಾಗಿರಲಿ ಎಂಬ ಒಳ್ಳೆಯ ಉದ್ದೇಶವೇ ಇದ್ದಿರಬೇಕು. ಆ ಹಡಗು ಮುಳುಗಿದ್ದರೆ ಉಬ್ಬಿದ ರಾಫ್ಟನ್ನೂ ತನ್ನ ಜೊತೆಗೆ ತಳಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಪ್ರಮಾಣಪತ್ರದಲ್ಲಿ ಮಾತ್ರ ಎಲ್ಲವೂ ಸರಿಯಾಗಿತ್ತು. ಹೀಗಾಗಿಯೇ ಸರ್ವಿಸ್ ಮಾಡಿದವರು ರಾಫ್ಟನ್ನು ಲಾರಿಯಿಂದ ಇಳಿಸಿ ಹೊರಟುಬಿಡಬಾರದು, ಕಟ್ಟಿದ ಬಗೆಯನ್ನು ಹಡಗಿನ ಅಧಿಕಾರಿಯೊಬ್ಬರು ಕಣ್ಣಿಂದ ನೋಡಿ ಖಚಿತಪಡಿಸಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುವುದು.

ಈ ರಿಲೀಸ್‌ಗಳಿಗೂ 12 ತಿಂಗಳ ಸರ್ವಿಸ್ ಉಂಟು. ಬಳಸಿ ಬಿಸಾಡುವ ಬಗೆಯವಾದರೆ ಅವುಗಳ ಮೇಲೆ ನಮೂದಿಸಿದ ದಿನಾಂಕಕ್ಕೆ, ಸಾಮಾನ್ಯವಾಗಿ ಎರಡು ವರ್ಷಕ್ಕೆ, ಬದಲಾಯಿಸಬೇಕು.

ಲೈಫ್ ಬೋಟ್ ಮತ್ತು ಡೇವಿಟ್‌ಗಳ ತಪಾಸಣೆ ಯಾರು ಮಾಡಬೇಕು?

ವಾರದ ಮತ್ತು ತಿಂಗಳ ತಪಾಸಣೆಯನ್ನು ಹಡಗಿನ ಸಿಬ್ಬಂದಿಯೇ ಮಾಡುತ್ತಾರೆ. ವರ್ಷಕ್ಕೊಮ್ಮೆ ನಡೆಯುವ ಆಮೂಲಾಗ್ರ ಪರೀಕ್ಷೆಯನ್ನು ತಯಾರಕರ ಅಥವಾ ಆಡಳಿತ ಅಧಿಕೃತಗೊಳಿಸಿದ ಸೇವಾ ಸಂಸ್ಥೆಯ ಪ್ರಮಾಣಿತ ತಂತ್ರಜ್ಞರು ಮಾತ್ರ ಮಾಡಬಹುದು. ಐದು ವರ್ಷಕ್ಕೊಮ್ಮೆ ಬೋಟು ತೂಗಿರುವ ಹುಕ್ ಬಿಚ್ಚಿ ಓವರ್‌ಹಾಲ್ ಮಾಡಿ, ಬೋಟಿನ ಪೂರ್ಣ ಭಾರದ 1.1 ಪಟ್ಟು ಹೊರಿಸಿ ಪರೀಕ್ಷಿಸಬೇಕು. 2016ರಲ್ಲಿ ಅಂಗೀಕಾರವಾದ ಅದೇ ಸಾಗರ ಸಂಸ್ಥೆಯ ಎಂಎಸ್‌ಸಿ.402(96) ನಿರ್ಣಯ 2020ರ ಜನವರಿ 1ರಿಂದ ಇದನ್ನು ಕಡ್ಡಾಯಗೊಳಿಸಿತು. ಅದಕ್ಕೂ ಮೊದಲು ಬೋಟು ಇಳಿಸುವ ತಾಲೀಮು ಮಾಡುವಾಗಲೇ ಹುಕ್ ಬಿಟ್ಟುಕೊಂಡು ಬೋಟು ಬಿದ್ದು ನಾವಿಕರು ಸತ್ತ ಪ್ರಕರಣಗಳು ಹಲವು. ಜೀವ ಉಳಿಸಲು ಇಟ್ಟ ವಸ್ತುವೇ ಜೀವ ತೆಗೆದದ್ದು ಈ ನಿಯಮದ ಬೆನ್ನಿಗಿದೆ.

ಬೋಟು ಇಳಿಸುವ ಉಕ್ಕಿನ ಹಗ್ಗಗಳನ್ನು ಸವೆದರೆ ತಕ್ಷಣ, ಸವೆಯದಿದ್ದರೂ ಐದು ವರ್ಷದೊಳಗೆ ಬದಲಿಸಬೇಕು. ‘ಚೆನ್ನಾಗಿಯೇ ಇರುವ ಹಗ್ಗವನ್ನು ಏಕೆ ಬಿಸಾಡಬೇಕು’ ಎಂದು ನಮ್ಮವರು ಕೇಳುತ್ತಾರೆ. ಅವರಿಗೆ ನಾನು ತುಂಗಭದ್ರಾ ಜಲಾಶಯವನ್ನು ನೆನಪಿಸುತ್ತೇನೆ. 2024ರ ಆಗಸ್ಟ್ 10ರ ರಾತ್ರಿ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಭತ್ತದ ಸಸಿ ಹಾಕಿದ್ದ ನಮ್ಮೂರಿನ ರೈತರು ನೀರು ಹರಿದುಹೋಗುವುದನ್ನು ನೋಡುತ್ತ ನಿಂತಿದ್ದರು. ಭಾರ ಹೊತ್ತ ಲೋಹ ಹೊರಗಿನಿಂದ ಗಟ್ಟಿಯಾಗಿ ಕಂಡೂ ಒಳಗೆ ದಣಿದಿರಬಹುದು. ಉಕ್ಕಿನ ಹಗ್ಗದಲ್ಲಿ ಆ ದಣಿವು ರಾಟೆಯ ಮೇಲೆ ಕೂತಿರುವ ಭಾಗದಲ್ಲಿ, ಗ್ರೀಸಿನ ಕೆಳಗೆ, ಒಳ ಎಳೆಗಳಲ್ಲಿ ಮೊದಲು ಬರುತ್ತದೆ. ಕಣ್ಣಿಗೆ ಕಾಣಿಸುವ ಹೊತ್ತಿಗೆ ತಡವಾಗಿರುತ್ತದೆ.

ಲೈಫ್ ಜಾಕೆಟ್ ಹರಿದರೆ ಬಳ್ಳಾರಿಯ ಜೀನ್ಸ್ ಹೊಲಿಯುವವರ ಹತ್ತಿರ ಹೊಲಿಸಬಹುದೆ?

ಬಳ್ಳಾರಿಯ ಜೀನ್ಸ್ ಹೊಲಿಗೆಯವರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ದಪ್ಪ ಬಟ್ಟೆಯ ನಾಲ್ಕು ಪದರಗಳನ್ನು ಒಂದೇ ಗೆರೆಯಲ್ಲಿ ಹೊಲಿಯುವವರಿಗೆ ಜಾಕೆಟ್ ಹೊಲಿಯುವುದು ಕಷ್ಟವೇ ಅಲ್ಲ. ಆದರೂ ಉತ್ತರ ಬೇಡ ಎಂಬುದೇ. ಅನುಮೋದಿತ ಜಾಕೆಟ್ಟಿನ ದಾರ, ಪಟ್ಟಿ, ಬಕಲ್, ಫೋಮ್ ಎಲ್ಲವೂ ಸೇರಿ ಪರೀಕ್ಷೆಯಲ್ಲಿ ಗೆದ್ದಿರುತ್ತವೆ. ಹತ್ತಿಯ ದಾರ ನೆನೆದು ಒಣಗಿ ಕೊಳೆಯುತ್ತದೆ. ಸೂಜಿಯ ಹೊಸ ತೂತುಗಳ ಸಾಲು ಹಳೆಯ ಬಟ್ಟೆಯನ್ನು ಅಂಚೆಚೀಟಿಯಂತೆ ಹರಿಯಲು ಸಿದ್ಧಮಾಡಿಡುತ್ತದೆ. ಭುಜದ ಪಟ್ಟಿ ಬಿಟ್ಟುಕೊಂಡರೆ ಜಾಕೆಟ್ ನೀರಿನ ಮೇಲೆ ಉಳಿಯುತ್ತದೆ, ತೊಟ್ಟವರು ಕೆಳಗೆ ಜಾರುತ್ತಾರೆ. ಹೊರಗಿನ ಹೊಲಿಗೆ ಬಿದ್ದ ಕ್ಷಣಕ್ಕೆ ಅದು ಅನುಮೋದಿತ ಜಾಕೆಟ್ಟಾಗಿ ಉಳಿಯುವುದಿಲ್ಲ.

ರಾಯಚೂರಿನ ಬಿಸಿಲಿನಲ್ಲಿ ಜಾಕೆಟ್‌ಗಳನ್ನು ಎಲ್ಲಿಡಬೇಕು?

ಎಲ್‌ಎಸ್‌ಎ ಕೋಡ್ ಪ್ರಕಾರ ಈ ಸಾಧನಗಳು ಮೈನಸ್ 30ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಇಟ್ಟಲ್ಲಿ ಕೆಡಬಾರದು. 65 ಬಹಳ ದೂರದ ಅಂಕಿ ಎನಿಸಬಹುದು. ಆದರೆ ಮೇ ತಿಂಗಳ ಮಧ್ಯಾಹ್ನ ತಗಡಿನ ಶೆಡ್ಡಿನ ಒಳಗೆ, ತಗಡಿಗೆ ತಾಗುವಂತೆ ಪೇರಿಸಿದ ಜಾಕೆಟ್‌ಗಳ ಮೇಲೆ ಕೈಯಿಟ್ಟು ನೋಡಿ. ಕೈ ತಾನೇ ಹಿಂದೆ ಬರುತ್ತದೆ. ಅದಕ್ಕಿಂತ ದೊಡ್ಡ ಶತ್ರು ನೇರ ಬಿಸಿಲು. ಕಿತ್ತಳೆ ಬಣ್ಣ ಮಾಸಿ ಬಿಳಿಚಿಕೊಂಡಿದ್ದರೆ ಬಟ್ಟೆಯ ಬಲವೂ ಹೋಗಿದೆ ಎಂದೇ ತಿಳಿಯಬೇಕು. ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ. ಮೂಟೆಯಂತೆ ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಕೂರಬೇಡಿ. ಫೋಮ್ ಚಪ್ಪಟೆಯಾದಷ್ಟೂ ತೇಲುವ ಶಕ್ತಿ ಕುಗ್ಗುತ್ತದೆ.

ಅವಧಿ ಮೀರಿದ ರಾಕೆಟ್, ಪಂಜುಗಳನ್ನು ಊರಿಗೆ ತಂದು ಹಬ್ಬಕ್ಕೆ ಹಚ್ಚಬಹುದೆ?

ಖಂಡಿತ ಕೂಡದು. ಪ್ಯಾರಾಚ್ಯೂಟ್ ರಾಕೆಟ್ 300 ಮೀಟರ್‌ಗಿಂತ ಕಡಿಮೆಯಿಲ್ಲದ ಎತ್ತರಕ್ಕೆ ಹಾರಿ 40 ಸೆಕೆಂಡ್ ಉರಿಯುವಂತೆ ಮಾಡಿದ್ದು. ಅವಧಿ ಮೀರಿದ್ದು ಕೈಯಲ್ಲೇ ಸಿಡಿಯಬಹುದು, ಇಲ್ಲವೇ ಉರಿಯುತ್ತಲೇ ಬಣವೆಯ ಮೇಲೆ ಇಳಿಯಬಹುದು. ಇವು ಸ್ಫೋಟಕ ಕಾಯ್ದೆಯ ವ್ಯಾಪ್ತಿಗೆ ಬರುವ ವಸ್ತುಗಳು. ರೈಲಿನಲ್ಲಿ, ಬಸ್ಸಿನಲ್ಲಿ ಸಾಗಿಸುವುದೇ ಅಪರಾಧ. ಸರ್ವಿಸ್ ಕೇಂದ್ರದ ಮೂಲಕವೇ ಅವುಗಳ ವಿಲೇವಾರಿಯಾಗಬೇಕು.

ಸರ್ವಿಸ್ ಪ್ರಮಾಣಪತ್ರವನ್ನು ಓದುವುದು ಹೇಗೆ?

ಕೊನೆಯ ಮೊಹರಿನಿಂದ ಶುರು ಮಾಡಬೇಡಿ. ಮೊದಲು ಪತ್ರದಲ್ಲಿರುವ ಸರಣಿ ಸಂಖ್ಯೆಯನ್ನು ಡಬ್ಬಿಯ ಮೇಲಿನದರೊಂದಿಗೆ ಹೋಲಿಸಿ. ಆಮೇಲೆ ತಯಾರಾದ ವರ್ಷ ನೋಡಿ, ಆ ವಯಸ್ಸಿಗೆ ಆಗಬೇಕಾದ ಪರೀಕ್ಷೆಗಳೆಲ್ಲ ನಮೂದಾಗಿವೆಯೆ ಎಂದು ಲೆಕ್ಕ ಹಾಕಿ. ಹನ್ನೆರಡು ವರ್ಷದ ರಾಫ್ಟಿನ ಪತ್ರದಲ್ಲಿ ಹೆಚ್ಚಿನ ಒತ್ತಡದ ಪರೀಕ್ಷೆಯ ಸಾಲು ಖಾಲಿಯಿದ್ದರೆ ಉಳಿದ ಮೊಹರುಗಳಿಗೆ ಬೆಲೆಯಿಲ್ಲ. ಕೇಂದ್ರದ ಅನುಮೋದನೆಯ ಅವಧಿ, ಅದು ಆ ತಯಾರಕರ ರಾಫ್ಟಿಗೆ ಸಲ್ಲುತ್ತದೆಯೆ, ಸಹಿ ಹಾಕಿದ ತಂತ್ರಜ್ಞರ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೆ ಎಂಬ ಮೂರನ್ನೂ ಕೇಳುವ ಹಕ್ಕು ಹಡಗಿನವರಿಗಿದೆ. ಕೇಳಿದರೆ ಒಳ್ಳೆಯ ಕೇಂದ್ರದವರು ಬೇಸರಿಸುವುದಿಲ್ಲ.

ಈ ಕೆಲಸಕ್ಕೆ ಸೇರಲು ನಮ್ಮ ಹುಡುಗರು ಏನು ಓದಿರಬೇಕು?

ಫಿಟ್ಟರ್, ಮೆಕ್ಯಾನಿಕ್ ಮೊದಲಾದ ಐಟಿಐ ಅಥವಾ ಡಿಪ್ಲೊಮಾ ಇದ್ದವರು ಸಹಾಯಕರಾಗಿ ಸೇರಿ, ಕೆಲಸ ಕಲಿತು, ತಯಾರಕರ ತರಬೇತಿಗೆ ಹೋಗುವುದು ವಾಡಿಕೆ. ಆ ಪ್ರಮಾಣಪತ್ರ ನಿಗದಿತ ಅವಧಿಗೆ ಮಾತ್ರ ಸಲ್ಲುತ್ತದೆ, ಮತ್ತೆ ಹೋಗಿ ನವೀಕರಿಸಿಕೊಳ್ಳಬೇಕು. ಹಡಗಿನಲ್ಲೇ ಕೆಲಸ ಮಾಡಬೇಕೆನ್ನುವವರ ದಾರಿ ಬೇರೆ: ಡಿಜಿ ಶಿಪ್ಪಿಂಗ್ ಮಾನ್ಯ ಮಾಡಿದ ಸಂಸ್ಥೆಯಲ್ಲಿ ತರಬೇತಿ ಪಡೆದು ಸಿಡಿಸಿ ಎಂಬ ನಾವಿಕರ ದಾಖಲೆ ಪುಸ್ತಕ ಮಾಡಿಸಬೇಕು. ಹಡಗಿಗೆ ಸೇರಿಸಲು ಅಭ್ಯರ್ಥಿಯಿಂದ ಹಣ ಪಡೆಯುವುದನ್ನು ನಿಯಮ ನಿಷೇಧಿಸಿದೆ. ಹೊಲ ಒತ್ತೆಯಿಟ್ಟು ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟ ಮನೆಗಳನ್ನು ನಾನು ಬಲ್ಲೆ. ದಯವಿಟ್ಟು ಮೊದಲು ಹಡಗಿಗೆ ಸೇರಿಸುತ್ತೇವೆ ಎನ್ನುವ ಸಂಸ್ಥೆಗೆ ಡಿಜಿ ಶಿಪ್ಪಿಂಗ್‌ನ ಪರವಾನಗಿ ಇದೆಯೇ ಎಂದು ವಿಚಾರಿಸಿ.

ನಮ್ಮ ಹರಿಗೋಲು, ತೆಪ್ಪಗಳಿಗೆ ಯಾವ ನಿಯಮವಿದೆ?

ನದಿ, ಜಲಾಶಯಗಳ ದೋಣಿಗಳಿಗೆ 2021ರ ಒಳನಾಡು ಜಲನೌಕೆಗಳ ಕಾಯ್ದೆ ಇದೆ. ಅದು 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು. ಯಂತ್ರದ ದೋಣಿಗೆ ಸರ್ವೇ ಮತ್ತು ನೋಂದಣಿ ಬೇಕು. ಯಂತ್ರವಿಲ್ಲದ ದೋಣಿಗಳ ಬಗ್ಗೆಯೂ ಅದರಲ್ಲಿ ಪ್ರಸ್ತಾಪವಿದ್ದು, ಅವುಗಳನ್ನು ದಾಖಲಿಸುವ ಕೆಲಸವನ್ನು ಸ್ಥಳೀಯ ಆಡಳಿತಕ್ಕೆ ವಹಿಸಲು ಅವಕಾಶವಿದೆ.

ಕಾಯ್ದೆ ದಡಕ್ಕೆ ಬರುವವರೆಗೆ ಕಾಯಬೇಕಾಗಿಲ್ಲ. ಹಡಗಿನ ಲೈಫ್ ಬಾಯ್ 14.5 ಕೆ.ಜಿ. ಕಬ್ಬಿಣವನ್ನು 24 ಗಂಟೆ ಹೊತ್ತು ತೇಲಬೇಕು; ಲೈಫ್ ಜಾಕೆಟ್ 24 ಗಂಟೆ ನೀರಿನಲ್ಲಿ ಮುಳುಗಿದ್ದರೂ ಅದರ ತೇಲುವ ಶಕ್ತಿ ಶೇ 5ಕ್ಕಿಂತ ಹೆಚ್ಚು ಕುಗ್ಗಬಾರದು. ಗಮನಿಸಿ, ಈ ಎರಡೂ ಪರೀಕ್ಷೆಗಳು ನಡೆಯುವುದು ಸಿಹಿನೀರಿನಲ್ಲಿ. ಸಿಹಿನೀರು ಉಪ್ಪುನೀರಿಗಿಂತ ಕಡಿಮೆ ಎತ್ತಿಹಿಡಿಯುವುದರಿಂದ ಅಳತೆ ಅಲ್ಲೇ ಆಗುತ್ತದೆ. ನಮ್ಮ ಹೊಳೆಯದು ಅದೇ ನೀರು.

ಹಾಗಾದರೆ ಅಂಬಿಗರು ತಾವೇ ಜಾಕೆಟ್ ಪರೀಕ್ಷಿಸಿಕೊಳ್ಳಬಹುದೆ? ಅದು ಅನುಮೋದನೆಯಾಗುತ್ತದೆಯೆ?

ಅನುಮೋದನೆಯಾಗುವುದಿಲ್ಲ, ಆದರೆ ಕೆಟ್ಟದ್ದನ್ನು ಬೇರ್ಪಡಿಸಲು ಸಾಕು. ಹೆಬ್ಬೆರಳಿನಿಂದ ಫೋಮನ್ನು ಒತ್ತಿ ಬಿಡಿ; ಕೂಡಲೇ ಮೇಲೇಳದಿದ್ದರೆ ಆ ಜಾಕೆಟ್ ಬೇಡ. ಭುಜದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ. ಬಕಲ್ ಹಾಕಿ, ತೆಗೆದು, ಮರಳು ಕಚ್ಚಿದೆಯೇ ನೋಡಿ. ಸೀಟಿ ಊದಿ ನೋಡಿ. ಮನೆಯ ಕಲ್ಲಿನ ತೊಟ್ಟಿಯಲ್ಲಿ ಜಾಕೆಟ್ಟಿಗೆ ಕಬ್ಬಿಣದ ತೂಕದ ಬಟ್ಟು ಕಟ್ಟುತ್ತ ಹೋಗಿ, ಎಷ್ಟು ಕೆ.ಜಿ.ಗೆ ಮುಳುಗಿತು ಎಂದು ಬರೆದಿಡಿ. ಒಂದು ಹಗಲು ಒಂದು ರಾತ್ರಿ ಮುಳುಗಿಸಿಟ್ಟು ಮತ್ತೆ ತೂಗಿ ಎರಡು ಅಂಕಿಗಳನ್ನು ಹೋಲಿಸಿ.

ಆನೆಗೊಂದಿ ಕಡೆಯ ಹಿರಿಯ ಅಂಬಿಗರೊಬ್ಬರಿಗೆ ಇದನ್ನು ತೋರಿಸಿಕೊಟ್ಟಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ರೀ ಸರ, ದಿನಾಂಕ ಎಲ್ಲಿ ಬರೀಲಿ?’ ಪ್ರತಿ ಜಾಕೆಟ್ಟಿನ ಒಳಮಗ್ಗುಲಲ್ಲಿ, ಅಳಿಸದ ಶಾಯಿಯ ಪೆನ್ನಿನಿಂದ, ನೋಡಿದ ತಿಂಗಳು, ವರ್ಷ ಮತ್ತು ನೋಡಿದವರ ಹೆಸರು ಬರೆಯಿರಿ ಎಂದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರೆಯ ಪ್ರವಾಸಿಗರು ಬರುವ ಮುಂಚೆ ಒಮ್ಮೆ, ಹೀಗೆ ವರ್ಷಕ್ಕೆ ಎರಡು ಬಾರಿ ಸಾಕು. ಪಾಸಾಗದ ಜಾಕೆಟ್ಟಿನ ಪಟ್ಟಿಗಳನ್ನು ಆಗಲೇ ಕತ್ತರಿಸಿ ಹಾಕಬೇಕು. ಮೂಲೆಯಲ್ಲಿ ಹಾಗೇ ಎಸೆದಿಟ್ಟರೆ, ಜನ ಹೆಚ್ಚಾದ ದಿನ ಯಾರೋ ಅದನ್ನೇ ಎತ್ತಿ ಮಗುವೊಂದಕ್ಕೆ ತೊಡಿಸಿಬಿಡುತ್ತಾರೆ.